ಹನುಮಯ್ಯ ಮೇಷ್ಟ್ರ ಶಿಷ್ಯನಿಂದೆ

ಲೇತ್ ಯಂತ್ರದ ಕೆಲಸ ಕಲಿಸುವುದರಲ್ಲಿ ನಾಗಸಂದ್ರದ ಹನುಮಯ್ಯ ಮೇಷ್ಟ್ರು ದ್ರೋಣಾಚಾರ್ಯರಿಗೆ ಸಮ. ಒಂದು ಕೈ ಮೇಲೇ ಎಂದರೂ ಅವರೇನೂ ಆಕ್ಷೇಪಿಸುತ್ತಿರಲಿಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಅರ್ಧ ಆಯುಷ್ಯ ಕಬ್ಬಿಣ ಕಡೆದು, ಅದು ಮುಚ್ಚಿದ ಮೇಲೆ ಸರ್ಕಾರಿ ಅನುದಾನದ ಉಚಿತ ತರಬೇತಿ ಕೇಂದ್ರ ಸೇರಿದ್ದರು. ಮನೆಯಲ್ಲಿ ಹೆಂಡತಿ ಪದ್ಮಾವತಿ ಚಪಾತಿ ಲಟ್ಟಿಸಿದರೂ "ಅಂಚು ದಪ್ಪ ಆಯ್ತು ಕಣೇ" ಎನ್ನುವ ಮನುಷ್ಯ.

೨೦೧೩ರ ಸುಮಾರಿಗೆ ಅವರಿಗೊಂದು ಘೋರ ವಿಪತ್ತು ಒದಗಿತು: ಅವರು ಕಲಿಸಿದ್ದು ಶಿಷ್ಯರಿಗೆ ಬಂದುಬಿಡುತ್ತಿತ್ತು! ಮೂರು ತಿಂಗಳ ಕೋರ್ಸು ಮುಗಿಯುವ ಮೊದಲೇ ಪೀಣ್ಯದ ಕಾರ್ಖಾನೆ ಮಾಲೀಕರು ಗೇಟಿಗೆ ಬಂದು ಶಿಷ್ಯರನ್ನು ಕೆಲಸಕ್ಕೆ ಹಾರಿಸಿಕೊಂಡು ಹೋಗುತ್ತಿದ್ದರು. ಇಲಾಖೆಯ ಕಣ್ಣಿಗೆ ಕೊನೆಯ ಪರೀಕ್ಷೆಗೆ ಕೂತವರಷ್ಟೇ ತರಬೇತಾದವರು. ಮಧ್ಯದಲ್ಲೇ ಕೆಲಸ ಸಿಕ್ಕಿ ಪರೀಕ್ಷೆಗೆ ಬಾರದವನು 'ಬಿಟ್ಟುಹೋದವನು'. ಅರ್ಧದಷ್ಟಾದರೂ ಜನ ಪರೀಕ್ಷೆಗೆ ಕೂರದಿದ್ದರೆ ಅನುದಾನ ಬಂದ್, ಕೇಂದ್ರಕ್ಕೆ ಬೀಗ. ಆ ಸಲ ಉಳಿದಿದ್ದವರು ಸರಿಯಾಗಿ ಅರ್ಧ.

ಮೇಷ್ಟ್ರು ಗೇಟಿನಲ್ಲಿ ಕುರ್ಚಿ ಹಾಕಿ ಕೋಟೆ ಕಾಯತೊಡಗಿದರು. ಕೈಯಲ್ಲಿದ್ದ ಅಸ್ತ್ರ ಒಂದೇ, ಶಿಷ್ಯನಿಂದೆ.

ಒಂದು ದಿನ ನರೇಶ್ ಎಂಬ ಮಾಲೀಕ ಸ್ಕೂಟರ್ ನಿಲ್ಲಿಸಿ, ಕುಷ್ಟಗಿಯಿಂದ ಬಂದಿದ್ದ ಭುವನೇಶ್ವರಿಯತ್ತ ಕೈ ತೋರಿಸಿದ.

"ಅವಳಾ? ಬೇಡಿ ಸಾರ್," ಎಂದರು ಮೇಷ್ಟ್ರು. "ಮೂರು ಪೀಸ್ ಮಾಡಿದ್ರೆ ಮೂರೂ ಮೂರು ಥರ."

"ನನಗೂ ಹಾಗೇ ಅನ್ನಿಸ್ತು ಬಿಡಿ. ಕಲಿಸಿದೋರೂ ಅಷ್ಟಕ್ಕಷ್ಟೇ ಇರ್ಬೇಕು."

ಮೇಷ್ಟ್ರು ಎದ್ದ ರಭಸಕ್ಕೆ ಕುರ್ಚಿ ಉರುಳಿತು.

"ಏನಂದ್ರಿ? ಅವಳು ಕಡೆದ ಶಾಫ್ಟು ಕೂದಲೆಳೆಯಷ್ಟೂ ಆಚೀಚೆ ಹೋಗಲ್ಲ ಕಣ್ರೀ! ಪೀಣ್ಯದಲ್ಲಿ ಅಂಥ ಕೈ ಇನ್ನೊಂದು ತೋರಿಸಿ, ಮೀಸೆ ಬೋಳಿಸ್ಕೋತೀನಿ!"

"ಹಂಗಾದ್ರೆ ನಾಳೆಯಿಂದಾನೇ ಕಳಿಸಿ," ಎಂದು ನರೇಶ್ ನಕ್ಕ.

ಕೋಟೆಬಾಗಿಲನ್ನು ತಾವೇ ತೆರೆದುಕೊಟ್ಟ ಸೇನಾಪತಿ ಕುಸಿದು ಕೂತರು. ಕುರ್ಚಿ ಉರುಳಿದ್ದು ಮರೆತು, ನೆಲದ ಮೇಲೆ. ಭುವನೇಶ್ವರಿ ಓಡಿಬಂದು ಎಬ್ಬಿಸಿ, ನರೇಶನತ್ತ ತಿರುಗಿದಳು.

"ಬರ್ತೀನ್ರಿ. ಆದ್ರ ಪರೀಕ್ಷಾ ದಿನ ಸೂಟಿ ಕೊಡಬೇಕ್ರಿ. ಇಲ್ಲಾಂದ್ರ ಬ್ಯಾರೆ ಸಾಹುಕಾರ್ರು ಭಾಳ ಮಂದಿ ಅದಾರ್ರಿ."

ಹೀಗೊಂದು ರಜೆ ಕೇಳಬಹುದೆಂದು ಇಲಾಖೆಗಾಗಲಿ ಮೇಷ್ಟ್ರಿಗಾಗಲಿ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನರೇಶ್ ಗೋಣು ಆಡಿಸಿದ.

ಪರೀಕ್ಷೆಯ ದಿನ ಅವನೇ ಅವಳನ್ನು ಸ್ಕೂಟರಿನಲ್ಲಿ ಕರೆತಂದ. ಉಳಿದವರ ಜೊತೆ ಅವಳೂ ಕೂತಳು, ಅನುದಾನ ಉಳಿಯಿತು. ಆದರೆ ನರೇಶನಿಗೆ ತಾಳ್ಮೆಯಿಲ್ಲ, ಕಿಟಕಿಯಲ್ಲಿ ಇಣುಕಿದ.

"ಬೇಗ ಮುಗಿಸಮ್ಮಾ, ಆರ್ಡರ್ ನಿಂತಿದೆ!"

ಹನುಮಯ್ಯ ಮೇಷ್ಟ್ರು ಮೀಸೆ ತಿರುವಿಕೊಂಡು ಕಿಟಕಿಗೆ ಬಂದರು.

"ಸಾರ್, ಒಳಗೆ ಪರೀಕ್ಷೆ ನಡೀತಿದೆ. ಆಚೆ ನಿಂತ್ಕೊಳ್ಳಿ. ಇನ್ನೂ ಆಚೆ."