ಮುಚ್ಚಿದ ಬಾಗಿಲಿಗೆ ಹೇಳಿದ್ದು

ಸಿಂಗಸಂದ್ರದಲ್ಲಿ ನಾವು ಬಾಡಿಗೆಗಿದ್ದದ್ದು ತಾರಸಿಯ ಮೇಲಿನ ಒಂದೇ ಕೋಣೆಯಲ್ಲಿ. ಗಂಡ, ಮಗಳು, ಅತ್ತೆ, ನಾನು. ಜಿಗಣಿಯ ಔಷಧಿ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಕೆಲಸ ಮಾಡಿ, ಕಂಪನಿ ಬಸ್ಸಿನಲ್ಲಿ ತೂಕಡಿಸಿಕೊಂಡು ಬಂದರೆ ಮನೆಯಲ್ಲಿ ನನ್ನದು ಅನ್ನುವ ಒಂದು ಮೂಲೆಯೂ ಇರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಲ್ಲುತ್ತಿದ್ದೆ. ಅತ್ತೆ ಹೊರಗಿನಿಂದ "ನೀರು ಹೋಗ್ತಾ ಇದೆ ನೋಡೇ" ಅನ್ನುವವರೆಗೆ, ಅಷ್ಟೇ.

ಒಂದು ಬೇಸಿಗೆ ನನಗೆ ಅಮ್ಮ ಬಂತು. ಚಿಕನ್‌ಪಾಕ್ಸ್, ಯಾರನ್ನೂ ಹತ್ತಿರ ಸೇರಿಸಬೇಡಿ ಅಂದರು ಡಾಕ್ಟರು. ಗಂಡ, ಅತ್ತೆ, ಮಗಳು ಮೂವರೂ ಜಾಲಹಳ್ಳಿಯ ನಾದಿನಿಯ ಮನೆಗೆ ಹೋದರು. ಮೈಯೆಲ್ಲ ಉರಿಯುತ್ತಿದ್ದರೂ, ಬಾಗಿಲು ಹಾಕಿಕೊಂಡಾಗ ನನಗೆ ಹಾಯೆನಿಸಿತು. ನಿದ್ದೆ ಮಾಡಿದೆ. ಎಷ್ಟು ಮಲಗಿದರೂ ದಣಿವು ಕಳೆಯಲಿಲ್ಲ. ಆಮೇಲೆ ಎಚ್ಚರವಾದಾಗಲೆಲ್ಲ, ಯಾರಾದರೂ ನನ್ನನ್ನು ಕೂಗಲಿ ಅನಿಸತೊಡಗಿತು.

ಕೂಗಿದ್ದು ಮನೆ ಓನರ್ ಅಜ್ಜಿ. ಅದೇ ಊರಿನ ಹಳೇ ಒಕ್ಕಲು ಮನೆತನದವರು; ಆ ಕಟ್ಟಡ ಎದ್ದಿದ್ದೇ ಅವರ ಹೊಲದಲ್ಲಿ. ಕೆಳಗಿನ ಮಹಡಿಗಳ ತುಂಬ ಅವರ ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ರಾಗಿ ಅಂಬಲಿ ಇಟ್ಟು, "ಕುಡಿಯವ್ವ, ಒಟ್ಟೆ ತಂಪಾಯ್ತದೆ" ಅಂದರು. ಮೊದಲ ದಿನ ಇಟ್ಟು ಹೋದರು. ಮಾರನೆಯ ದಿನದಿಂದ ಹೊರಗೇ ಮೆಟ್ಟಿಲ ಮೇಲೆ ಕೂತು ಮಾತಾಡತೊಡಗಿದರು. ಸೊಸೆಯರ ಸೀರಿಯಲ್ಲು, ಮಂಡಿನೋವು, ಹೊಲ ಉಳುತ್ತಿದ್ದ ದಿನಗಳು. ನಾನು ಒಳಗೆ ಬಾಗಿಲಿಗೆ ಒರಗಿ ಹೂಂಗುಡುತ್ತಿದ್ದೆ.

ಒಂದು ಮಧ್ಯಾಹ್ನ ಅವರ ದನಿ ಬದಲಾಯಿತು.

"ನನ್ನೂ ಇಂಗೇ ಒಂದ್ಕಿತ ಕೂರ್ಸಿದ್ರು ಕಣವ್ವ. ಚೊಚ್ಚಲು ಎರಿಗೆ. ಕೊಟ್ಟಿಗೆ ಪಕ್ಕದ ಕೋಣೇಲಿ, ನಾನು, ನನ್ ಕೂಸು. ಎಣ್ಣುಕೂಸು. ಒಂದಿನ ಬೆಳಿಗ್ಗೆ ಆಲು ಕುಡೀನೇ ಇಲ್ಲ. ಮೈ ತಣ್ಣಗಾಗಿತ್ತು."

ನಾನು ಬಾಗಿಲಿಗೆ ಕಿವಿ ಹಚ್ಚಿದೆ.

"ಎತ್ಕೊಂಡೋದ್ರು. ಆಮ್ಯಾಕೆ ಆ ಮಾತು ಯಾರೂ ಎತ್ಲಿಲ್ಲ. ನಾನೂ ಎತ್ಲಿಲ್ಲ. ನನ್ ಮಕ್ಳಿಗೂ ಗೊತ್ತಿಲ್ಲ."

"ಅಜ್ಜಿ, ಅಳ್ತಾ ಇದ್ದೀರಾ?"

"ಇಲ್ಲ ಕಣವ್ವ. ನೆಗಡಿ."

ಚಿಲಕದ ಮೇಲೆ ಕೈಯಿಟ್ಟೆ. ಕೆಳಗೆ ಅವರ ಮೊಮ್ಮಕ್ಕಳು ಆಡುವ ಸದ್ದು ಕೇಳುತ್ತಿತ್ತು. ತೆಗೆಯಲಿಲ್ಲ.

ವಾಸಿಯಾಗಿ, ಬೇವು ಅರಿಸಿನದ ನೀರು ಹುಯ್ದುಕೊಂಡು ಬಾಗಿಲು ತೆಗೆದ ದಿನ, "ಒಳಗೆ ಬನ್ನಿ ಅಜ್ಜಿ, ಕಾಫಿ ಮಾಡ್ತೀನಿ" ಎಂದೆ. ಅವರು ನನ್ನ ಮುಖ ನೋಡಲಿಲ್ಲ. "ಮೋಟ್ರು ಕೆಟ್ಟೈತೆ, ನೀರು ಇಡ್ದು ಮಡಿಕ್ಕೋ" ಎಂದು ಹೇಳಿ ಇಳಿದು ಹೋದರು. ಸಂಜೆ ನಮ್ಮವರೆಲ್ಲ ಚೀಲಗಳ ಸಮೇತ ಬಂದರು. ಮಗಳು ಕೊರಳಿಗೆ ಜೋತುಬಿದ್ದಳು. ಸಂತೋಷವಾಯಿತು, ಅಡುಗೆ ಮುಗಿಸುವಷ್ಟರಲ್ಲಿ ಅದೇ ಹಳೇ ಸುಸ್ತೂ ಬಂದು ಕೂತಿತ್ತು.

ಮತ್ತೆ ಅಜ್ಜಿ ಒಬ್ಬರೇ ಸಿಕ್ಕಿದ್ದು ಒಂದೇ ಸಲ, ಬೆಳಿಗ್ಗೆ, ಗೇಟಿನ ಹತ್ತಿರ. ನಾನು ಮೆಲ್ಲಗೆ ಕೇಳಿದೆ: "ಅಜ್ಜಿ, ಆ ಕೂಸಿಗೆ ಹೆಸರಿಟ್ಟಿದ್ರಾ?"

ಅವರು ಹಿಂದೆ ತಿರುಗಿ ಮನೆಯ ಕಡೆ ನೋಡಿದರು.

"ಇಟ್ಟಿದ್ದೆ. ನಾನೊಬ್ಳೇ ಕರೀತಿದ್ದೆ."

ಏನೆಂದು ಹೇಳಲಿಲ್ಲ. ಬಸ್ಸು ಬಂದಿತ್ತು, ಹತ್ತಿಕೊಂಡೆ.