ಕಮಲಕ್ಕನ ತೋಡಿಗೆ ನಾನು ತುಂಬಿದ ಚೀಲಗಳು

ಮಹಾಜನರೇ, ತಪ್ಪೊಪ್ಪಿಕೊಳ್ಳುತ್ತೇನೆ: ಹೈಸ್ಕೂಲಿನಲ್ಲಿದ್ದಾಗ ನಾನು ಮರಳಿನ ಚೀಲಕ್ಕೆ ತರಗೆಲೆ ತುಂಬಿದ್ದೇನೆ. ಇವತ್ತು ಕಡಬದ ವಿದ್ಯಾರ್ಥಿ ಶಿಬಿರಕ್ಕೆ ಅತಿಥಿಯಾಗಿ ಹೋದಾಗ, ಒದ್ದೆ ಸಿಮೆಂಟ್ ಚೀಲದ ವಾಸನೆಗೆ ಎಲ್ಲ ನೆನಪಾಯಿತು.

ಅಂದು ಮರ್ಕಂಜದ ತೋಡಿಗೆ ಅಡ್ಡಲಾಗಿ ನಾವು ಶಾಲೆಯ ಮಕ್ಕಳು ಖಾಲಿ ಸಿಮೆಂಟ್ ಚೀಲಗಳಿಗೆ ಮರಳು ತುಂಬಿ, ನೀರು ನಿಲ್ಲಿಸುವ ಕಟ್ಟ ಕಟ್ಟುತ್ತಿದ್ದೆವು. ಬೇಸಗೆಯಲ್ಲಿ ಪಕ್ಕದ ಕಮಲಕ್ಕನ ಬಾವಿಗೆ ಆ ಕಟ್ಟದ ನೀರೇ ಗತಿ. ಹೆಚ್ಚು ಚೀಲ ತುಂಬಿದವನಿಗೆ ‘ಉತ್ತಮ ಸ್ವಯಂಸೇವಕ’ ಪ್ರಮಾಣಪತ್ರ. ನಾನು ಎಲೆ ತುರುಕಿ, ಮೇಲೊಂದು ಬೊಗಸೆ ಮರಳಿನ ಟೊಪ್ಪಿ ಹಾಕಿದೆ, ಚೀಲಕ್ಕೂ ಮಾಷ್ಟ್ರಿಗೂ.

“ಇವನನ್ನು ನೋಡಿ ಕಲೀರಿ ಮಾರಾಯ್ರೆ!” ಎಂದರು ಮಾಷ್ಟ್ರು. ಕಮಲಕ್ಕ ನನಗೆ ಮಾತ್ರ ಎರಡು ತುಂಡು ಬೆಲ್ಲ ಕೊಟ್ಟರು.

ವಾರದೊಳಗೆ ನನ್ನ ಚೀಲಗಳಿದ್ದಲ್ಲೇ ಕಟ್ಟ ಒಡೆಯಿತು. ಬೇಸಗೆಗೆ ಬಾವಿಯೂ ಬತ್ತಿತು. ಗುಡ್ಡದಾಚೆಯಿಂದ ನೀರು ಹೊತ್ತು ಬರುತ್ತಿದ್ದ ಕಮಲಕ್ಕ ನನ್ನನ್ನು ಕಂಡು ನಿಂತರು.

“ಬೇಜಾರು ಮಾಡ್ಬೇಡ ಮಗಾ. ನೀವು ಮಕ್ಕಳು ಎಂತ ಮಾಡುದು? ನೀರಿಗೇ ಜೋರುಂಟು.”

ನಾನು ಬಾಯಿ ಬಿಡಲಿಲ್ಲ. ಕೊಡಕ್ಕೆ ಹೆಗಲನ್ನೂ ಕೊಡಲಿಲ್ಲ. ಈಗ ಹೇಳೋಣವೆಂದರೆ ಕಮಲಕ್ಕ ಇಲ್ಲ.

ಇವತ್ತು ‘ಸೇವೆಯೇ ನನ್ನನ್ನು ಬೆಳೆಸಿತು’ ಎಂದು, ಆ ಕಟ್ಟದ ಕಥೆಯನ್ನೂ ಸೇರಿಸಿ ಅರ್ಧ ಗಂಟೆ ಕೊರೆದೆ. ಕೊನೆಗೆ ಒಬ್ಬಳು ಹುಡುಗಿ ಕೇಳಿದಳು: “ಸರ್, ನಿಮ್ಮ ಕಟ್ಟದಲ್ಲಿ ನೀರು ಎಷ್ಟು ನಿಂತಿತ್ತು?”

“ಎದೆಮಟ್ಟ,” ಎಂದೆ.