ನೇರಳೆಗೆ ತಿರುಗಿದ ಅಕ್ಷರಗಳು

ಸ್ಯಾನ್ ಡಿಯಾಗೋ ಬಳಿಯ ಪೊವೇ ಊರಿನ ಟೆಲಿಕಾಂ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದ ಗಿರಿಧರನಿಗೆ ಯುದ್ಧಕಾಲದ ಅಂಚೆ ಕಾರ್ಡುಗಳ ಹುಚ್ಚು. ಬೆಂಗಳೂರಿನಲ್ಲಿ ಓದುವಾಗ ಸಂಜೆ ಕ್ಲಾಸಿಗೆ ಹೋಗಿ ಜರ್ಮನ್ ಕಲಿತಿದ್ದ. ಕೆಲಸಕ್ಕೆ ಅದು ಒದಗಲಿಲ್ಲ, ಜಂಬಪಡುವಷ್ಟು ಮಾತ್ರ ಉಳಿದಿತ್ತು. ಹಾಗಾಗಿ 2022ರ ಬೇಸಿಗೆಯಲ್ಲಿ ಪಕ್ಕದ ಮನೆಯ ಜರ್ಮನ್ ಮೂಲದ ಅಜ್ಜಿ ಹನೆಲೋರೆ ಒಂದು ಫೋಟೊ ಕಾರ್ಡ್ ಹಿಡಿದು ಬಂದಾಗ, ನನಗೆ ಬಿಡಿ, ನಾನು ನೋಡಿಕೊಳ್ಳುತ್ತೇನೆ ಎಂದುಬಿಟ್ಟ.

ಹನೆಲೋರೆಗೆ ಆಗಲೇ ಎಂಬತ್ತು ದಾಟಿತ್ತು. ಕಾರ್ಡಿನಲ್ಲಿದ್ದದ್ದು ಅವರ ತಂದೆ: ಸ್ಟುಡಿಯೋ ಪರದೆಯ ಮುಂದೆ ಜರ್ಮನ್ ಸೈನ್ಯದ ಸಮವಸ್ತ್ರ ತೊಟ್ಟು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ ತೆಳ್ಳನೆಯ ಮನುಷ್ಯ. ಆ ಸಮವಸ್ತ್ರದ ಬಗ್ಗೆ ಅವರಿಗೆ ಹೆಮ್ಮೆಯೇನೂ ಇರಲಿಲ್ಲ. ಆತ ಪೂರ್ವದ ರಣರಂಗದಿಂದ ಹಿಂತಿರುಗಲಿಲ್ಲ, ಮಗಳ ಮುಖವನ್ನೂ ನೋಡಲಿಲ್ಲ. ಅವರ ತಾಯಿ ಕಾರ್ಡನ್ನು ಆಲ್ಬಮ್ಮಿನ ಕಪ್ಪು ಹಾಳೆಗೆ ಗಟ್ಟಿಯಾಗಿ ಅಂಟಿಸಿಬಿಟ್ಟಿದ್ದರು. ಹಿಂಬದಿಯಲ್ಲಿ ಏನು ಬರೆದಿದೆ ಎಂದು ಮಗಳಿಗೆ ಗೊತ್ತೇ ಇರಲಿಲ್ಲ; ಅದನ್ನು ತಿಳಿಯುವ ಆಸೆಯಿಂದಲೇ ಬಂದಿದ್ದರು.

ಮೂಲೆಯಲ್ಲಿದ್ದ ಉಬ್ಬು ಮುದ್ರೆಯಿಂದ ಫೋಟೊ ತೆಗೆದ ಊರನ್ನು ಗಿರಿಧರ ಬೇಗ ಪತ್ತೆಹಚ್ಚಿದ. ಸೈನಿಕನ ತುಕಡಿ ಯಾವುದೆಂದು ತಿಳಿಯಲು ಹಿಂಬದಿಯಲ್ಲಿರಬಹುದಾದ ಸೇನಾ ಅಂಚೆ ಸಂಖ್ಯೆ ಬೇಕಿತ್ತು. ಬರ್ಬ್ಯಾಂಕಿನ ಸ್ಟುಡಿಯೋದಲ್ಲಿ ಹಳೆಯ ಚಿತ್ರಗಳನ್ನು ಸರಿಪಡಿಸುವ ಕೆಲಸ ಮಾಡುತ್ತಿದ್ದ ಸ್ನೇಹಿತರ ಮಗಳು ಪ್ರಣತಿಗೆ ಫೋನ್ ಮಾಡಿದ.

"ಅಂಕಲ್, ನೀರು ಮಾತ್ರ ತಾಗಿಸ್ಬೇಡಿ. ವೀಕೆಂಡ್ ಇಲ್ಲಿಗೇ ತನ್ನಿ, ನಾನೇ ಬಿಡಿಸ್ಕೊಡ್ತೀನಿ," ಎಂದಳು.

ವೀಕೆಂಡಿನವರೆಗೆ ಅವನಿಗೆ ತಡೆಯಲಾಗಲಿಲ್ಲ. ಅಂಚೆಚೀಟಿಗಳನ್ನು ಲಕೋಟೆಯಿಂದ ಬಿಡಿಸಿ ಪಳಗಿದ ಕೈ ತನ್ನದು ಎಂಬ ಧೈರ್ಯ ಬೇರೆ. ಊಟದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಕಾರ್ಡನ್ನು ಮಲಗಿಸಿದ. ಕಪ್ಪು ಹಾಳೆ ಸಲೀಸಾಗಿ ಕಳಚಿತು. ಒತ್ತಾದ, ಓರೆಯಾದ ಪೆನ್ಸಿಲ್ ಸಾಲುಗಳು ಕಂಡವು. ಕಣ್ಣೆದುರೇ ಅವು ನೇರಳೆ ಬಣ್ಣಕ್ಕೆ ತಿರುಗಿ ಹರಡತೊಡಗಿದವು. ಆ ಕಾಲದ ಸೈನಿಕರು ಬಳಸುತ್ತಿದ್ದ ಪೆನ್ಸಿಲ್ಲಿಗೆ ನೀರು ಸೋಕಿದರೆ ಶಾಯಿಯಾಗುತ್ತದೆ ಎಂದು ಅವನು ಎಲ್ಲೋ ಓದಿಯೂ ಇದ್ದ. ನೆನಪಾಗುವ ಹೊತ್ತಿಗೆ ತಟ್ಟೆಯ ನೀರೆಲ್ಲ ನೇರಳೆಯಾಗಿತ್ತು. ಕಾರ್ಡ್ ಎತ್ತಿ ಒರೆಸಿದ. ಒರೆಸಿದ್ದರಿಂದ ಉಳಿದದ್ದೂ ಕದಡಿತು. ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕೆಂದೂ ಹೊಳೆದಿರಲಿಲ್ಲ.

ಮರುದಿನ ಹನೆಲೋರೆ ಬೇಲಿಯಾಚೆಯಿಂದ ಕೇಳಿದರು, ಏನಾದರೂ ಸಿಕ್ಕಿತೇ ಎಂದು. ಸಿಕ್ಕಿತು ಎಂದ ಗಿರಿಧರ. ಅಂಚೆ ಸಂಖ್ಯೆ ಅಳಿಸಿಹೋಗಿದೆ, ಒಂದು ಸಾಲು ಮಾತ್ರ ಓದಲು ಬಂತು: "ಚೆರ್ರಿ ಹೂ ಬಿಡುವ ಹೊತ್ತಿಗೆ ಬರುತ್ತೇನೆ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನದಿ ತೋರಿಸುತ್ತೇನೆ." ಅವರ ಊರಿನ ನದಿ, ಚೆರ್ರಿ ಮರ ಎರಡನ್ನೂ ಅವರೇ ಹಿಂದೆ ಹೇಳಿದ್ದರು. ಕಾರ್ಡ್ ರಿಪೇರಿಗೆ ಬರ್ಬ್ಯಾಂಕಿಗೆ ಹೋಗಿದೆ ಎಂದೂ ಸೇರಿಸಿದ. ಹನೆಲೋರೆ ಬೇಲಿ ಹಿಡಿದುಕೊಂಡು ಬಹಳ ಹೊತ್ತು ಅತ್ತರು.

ಹೆಂಡತಿ ನಿರುಪಮಾ ಮಾತ್ರ, "ಇವತ್ತೇ ಹೋಗಿ ನಿಜ ಹೇಳ್ಬಿಡಿ. ಆಮೇಲೆ ಇನ್ನೂ ಕಷ್ಟ ಆಗತ್ತೆ," ಎಂದಳು. ಅವನು ಹೇಳಲಿಲ್ಲ.

ಮರುವರ್ಷದ ವಸಂತದಲ್ಲಿ ಹನೆಲೋರೆಯ ಮೊಮ್ಮಗಳು ಕ್ಲಾರಾಳ ಮದುವೆ, ಸ್ಯಾನ್ ಡಿಯಾಗೋದ ಕಡಲ ದಂಡೆಯಲ್ಲಿ. ಗಿರಿಧರ ದಂಪತಿಗೆ ಮುಂದಿನ ಸಾಲಿನಲ್ಲೇ ಜಾಗ ಇಟ್ಟಿದ್ದರು. ಪ್ರತಿಜ್ಞೆ ಓದುವ ಮೊದಲು ಕ್ಲಾರಾ, ನನ್ನ ಮುತ್ತಜ್ಜ ರಣರಂಗದಿಂದ ಬರೆದ ಮಾತಿದು ಎಂದು ಹೇಳಿ, ಚೆರ್ರಿ ಹೂವಿನ ಆ ಸಾಲನ್ನು ಓದಿದಳು. ಇದನ್ನು ಹುಡುಕಿಕೊಟ್ಟವರು ಇಲ್ಲೇ ಇದ್ದಾರೆ ಎಂದು ಕೈ ತೋರಿಸಿದಳು. ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಗಿರಿಧರ ಎದ್ದು ನಿಂತು ಕೈ ಮುಗಿದ.

ಅದೇ ವಾರ ಕಾರ್ಡನ್ನು ಬರ್ಬ್ಯಾಂಕಿಗೆ ಒಯ್ದು ಪ್ರಣತಿಯ ಮುಂದಿಟ್ಟ. ಅವಳು ಬೈಯಲಿಲ್ಲ. ಬೇರೆ ಬೇರೆ ಬೆಳಕಿನಲ್ಲಿ ಫೋಟೊ ತೆಗೆದು, ಪಸಡೀನಾದಲ್ಲಿದ್ದ, ಹಳೆಯ ಜರ್ಮನ್ ಕೈಬರಹ ಬಲ್ಲ ನಿವೃತ್ತ ವಿಜ್ಞಾನಿಯೊಬ್ಬರಿಗೆ ಕಳಿಸಿದಳು. ನಾಲ್ಕು ಸಾಲಿನಲ್ಲಿ ಒಂದು ಮಾತ್ರ ದಕ್ಕಿತು: "ಹನ್ನೆಲೆಯ ಪಾದವನ್ನು ಕಾಗದದ ಮೇಲೆ ಬರೆದು ಕಳಿಸು, ಇಲ್ಲೊಬ್ಬ ಶೂ ಹೊಲಿಯುತ್ತಾನೆ." ಹನ್ನೆಲೆ ಎಂದರೆ ಹನೆಲೋರೆಯ ಮುದ್ದಿನ ಹೆಸರು. ಉಳಿದದ್ದು ಬರೀ ನೇರಳೆ ಕಲೆ.

ಗಿರಿಧರ ಹನೆಲೋರೆಯ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದ. ಅವರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಶೂವಿನ ಸಾಲನ್ನು ಜರ್ಮನ್ನಿನಲ್ಲೇ ಮೆಲ್ಲಗೆ ಓದಿಕೊಂಡರು.

"ಆಮೇಲೆ ಏನು ಬರೆದಿದ್ದಾನೆ?" ಎಂದು ಕೇಳಿದರು.

"ಹೋಯಿತು. ನಾನೇ ಹಾಳು ಮಾಡಿದೆ."

"ಅವತ್ತೇ ಹೇಳಿದ್ದರೆ ಒಂದು ದಿನ ಸಿಟ್ಟಾಗುತ್ತಿದ್ದೆ, ಅಷ್ಟೇ," ಎಂದರು ಹನೆಲೋರೆ. "ಈಗ ಆ ಹುಡುಗಿ ನಿಮ್ಮ ಮಾತು ಹಿಡಿದು ಮದುವೆಯಾಗಿದ್ದಾಳೆ. ಅವಳಿಗೆ ನಾನು ಹೇಳುವುದಿಲ್ಲ, ನೀವೂ ಹೇಳಬೇಡಿ. ನನ್ನನ್ನೂ ಸುಳ್ಳಿಯನ್ನಾಗಿ ಮಾಡಿದಿರಿ."

ಅವರು ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಬೇಲಿಯ ಬಳಿಯ ಹರಟೆ ಮಾತ್ರ ಅಲ್ಲಿಗೆ ನಿಂತಿತು. ಕಂಡಾಗ ತಲೆಯಾಡಿಸುತ್ತಾರೆ, ಅಷ್ಟೇ. ಗಿರಿಧರ ಈಗ ಯಾರ ಕಾರ್ಡನ್ನೂ ಮನೆಗೆ ತರುವುದಿಲ್ಲ. ಕ್ಲಾರಾ ಅಜ್ಜಿಯನ್ನು ನೋಡಲು ಬಂದಾಗಲೆಲ್ಲ ಅವನ ಮನೆಯ ಬೆಲ್ ಒತ್ತಿ, ಕೇಕೋ ಹಣ್ಣೋ ಕೊಟ್ಟು, ಮತ್ತೊಮ್ಮೆ ಥ್ಯಾಂಕ್ಸ್ ಹೇಳಿ ಹೋಗುತ್ತಾಳೆ. ಅವನು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಳ್ಳುತ್ತಾನೆ.